ಮಗು ಬೆಳೆಯುತ್ತದೆ, ಕ್ಯಾಲಿಪರ್ ಬೆಳೆಯುವುದಿಲ್ಲ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಅಕ್ಕಿ ಚೀಲದಲ್ಲಿ ಐದು ಎಎಫ್‌ಒ ಇವೆ. ಎಎಫ್‌ಒ ಅಂದರೆ ಪಾದದ ಅಡಿಯಿಂದ ಮೀನಖಂಡದ ಮೇಲ್ಗಡೆವರೆಗೆ ಕಾಲನ್ನು ಹಿಂದಿನಿಂದ ಆತು ಹಿಡಿಯುವ ಪ್ಲಾಸ್ಟಿಕ್ ಆಸರೆ. ಊರಲ್ಲಿ ಎಲ್ಲರೂ ಕ್ಯಾಲಿಪರ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮೊದಲನೆಯದು ಒಂದು ಗೇಣೂ ಇಲ್ಲ. ಐದನೆಯದು ಒಂದೂವರೆ ಗೇಣು ಇದೆ. ಐದೂ ನನ್ನ ಮಗನವೇ. ಸೆರೆಬ್ರಲ್ ಪಾಲ್ಸಿಯಿಂದ, ಅಂದರೆ ಬೆಳೆಯುವ ಮಿದುಳಿಗೆ ಆದ ತೊಂದರೆಯಿಂದ, ಅವನ ಎಡಗಾಲು ಬಿಗಿ. ಎರಡನೇ ವರ್ಷಕ್ಕೆ ಮೊದಲ ಕ್ಯಾಲಿಪರ್ ಬಂತು. ಈಗ ಒಂಬತ್ತು ವರ್ಷ, ಆರನೆಯದನ್ನು ಹಾಕಿಕೊಂಡು ಸಕಲೇಶಪುರ ತಾಲ್ಲೂಕಿನ ನಮ್ಮೂರ ಶಾಲೆಗೆ ನಡೆದು ಹೋಗುತ್ತಾನೆ.

ಮೊದಲನೆಯದನ್ನು ಕೈಗೆ ಕೊಟ್ಟ ದಿನ, ಇನ್ನು ಹಾಕಿಕೊಂಡು ನಡೆದರೆ ಆಯ್ತು, ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ. ಕನ್ನಡಕ ತಂದ ಹಾಗೆ. ಒಂದೇ ವರ್ಷದಲ್ಲಿ ಅದು ಚಿಕ್ಕದಾಯಿತು. ಚಿಕ್ಕದಾದದ್ದು ನನಗೆ ಗೊತ್ತಾಗಿದ್ದು ಹಿಮ್ಮಡಿಯಲ್ಲಿ ಗಾಯ ಆದ ಮೇಲೆ. ನಿಮ್ಮ ಮನೆಯಲ್ಲಿ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಕ್ಯಾಲಿಪರ್ ಇರಲಿ, ಕೃತಕ ಕಾಲಿರಲಿ, ಬೆಳೆಯುವ ಮಗುವಿಗೆ ಅದು ಒಂದು ಸಲ ತಂದು ಮುಗಿಸುವ ಸಾಮಾನಲ್ಲ. ದಿನಾ ಸಂಜೆ ಐದು ನಿಮಿಷ ಕಾಲು ನೋಡಬೇಕು, ಮೂರು ತಿಂಗಳಿಗೊಮ್ಮೆ ಅಳತೆ ತೆಗೆಯಬೇಕು. ಇದಕ್ಕೆ ದುಡ್ಡು ಬೇಕಾಗಿಲ್ಲ. ಮನೆಯವರ ಕಣ್ಣು ಬೇಕು.

ಮೊದಲು ಯಾರಿಗೆ ತೋರಿಸಬೇಕು

ನೇರವಾಗಿ ಅಂಗಡಿಗೆ ಹೋಗಬೇಡಿ. ಮೊದಲು ಮೂಳೆ ಡಾಕ್ಟರು, ಆಮೇಲೆ ಆಸರೆ ಮಾಡುವವರು. ಹಾಸನ ಜಿಲ್ಲೆಯವರಿಗೆ ಹಿಮ್ಸ್ ಆಸ್ಪತ್ರೆ ಇದೆ, ಚಿಕ್ಕಮಗಳೂರಿನವರಿಗೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ. ಯಾವ ಥರದ ಆಸರೆ, ಎಷ್ಟು ಹೊತ್ತು, ಹಗಲಿಗೋ ರಾತ್ರಿಗೋ ಅಂತ ಡಾಕ್ಟರು ಚೀಟಿಯಲ್ಲಿ ಬರೆಯಬೇಕು. ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ.

ಮಗು ಇನ್ನೂ ಅಂಗನವಾಡಿಯಲ್ಲಿದ್ದರೆ ಇನ್ನೊಂದು ದಾರಿಯೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಮಾಡುತ್ತಾರೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಆ ತಂಡ ಬರಬೇಕು. ಸೊಟ್ಟ ಪಾದವೂ, ಹುಟ್ಟಿನಿಂದಲೇ ಸೊಂಟದ ಕೀಲು ಜಾರಿರುವುದೂ ಅವರ ಪಟ್ಟಿಯಲ್ಲೇ ಇವೆ. ಆಶಾ ಕಾರ್ಯಕರ್ತೆಗೆ ಹೇಳಿಟ್ಟರೆ ತಂಡ ಬರುವ ದಿನ ತಿಳಿಸುತ್ತಾರೆ.

ಆಸರೆ ಮಾಡುವವರನ್ನು ಪ್ರಾಸ್ಥೆಟಿಸ್ಟ್ ಆರ್ಥೋಟಿಸ್ಟ್ ಅನ್ನುತ್ತಾರೆ, ಆಸ್ಪತ್ರೆಯಲ್ಲಿ ಚಿಕ್ಕದಾಗಿ ಪಿ ಅಂಡ್ ಒ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇರಬೇಕು. ಸಂಕೋಚ ಇಲ್ಲದೆ ಕೇಳಿ. ಸಣ್ಣದು, ಮಧ್ಯಮ, ದೊಡ್ಡದು ಅಂತ ಡಬ್ಬಿಯಲ್ಲಿ ಬರುವ ರೆಡಿಮೇಡ್ ಆಸರೆಯನ್ನು ದಿನವಿಡೀ ಹಾಕಬೇಕಾದ ಮಗುವಿಗೆ ತರಬೇಡಿ. ಆ ಮಗುವಿನ ಕಾಲಿಗೇ ಅಳತೆ ತೆಗೆದು ಮಾಡಿದ್ದು ಬೇಕು.

ಬೆಂಗಳೂರಿಗೇ ಹೋಗಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಅಲ್ಲಿ ಮೊಬಿಲಿಟಿ ಇಂಡಿಯಾದಂಥ ಒಳ್ಳೆಯ ಸಂಸ್ಥೆಗಳಿವೆ, ಕಷ್ಟದ ಕಾಲಿಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದೇ. ಆದರೆ ವರ್ಷಕ್ಕೆ ನಾಲ್ಕು ಸಲ ಹೋಗಲು ಆಗುವಂಥ ಜಾಗ ಆರಿಸಿಕೊಳ್ಳಿ ಅನ್ನುವುದು ನನ್ನ ಮಾತು. ಎಷ್ಟೇ ಚೆನ್ನಾಗಿ ಮಾಡಿಕೊಟ್ಟರೂ, ಒಂದು ಅಂಚು ಚುಚ್ಚಿದಾಗ ಮಾರನೇ ದಿನ ಬಸ್ ಹತ್ತಿ ಹೋಗಿ ಉಜ್ಜಿಸಿಕೊಂಡು ಬರಲು ಆಗದಿದ್ದರೆ ಅದು ಮೂಲೆ ಸೇರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಾಸನಕ್ಕೆ ಹೋಗಿಬರಲು ನನಗೆ ಟಿಕೆಟ್ ಖರ್ಚಿಲ್ಲ. ಅದರಿಂದ ನಮ್ಮ ಹೋಗಿಬರುವಿಕೆ ಜಾಸ್ತಿಯಾಗಿದೆ, ಮಗನ ಗಾಯಗಳು ಕಡಿಮೆಯಾಗಿವೆ.

ಅಳತೆ ಕೊಡುವ ದಿನ

ಕಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಗಟ್ಟಿಯಾಗುವವರೆಗೆ ಪಾದವನ್ನು ನೇರ ಹಿಡಿದು, ಆಮೇಲೆ ಸೀಳಿ ತೆಗೆಯುತ್ತಾರೆ. ನೋವಿಲ್ಲ. ಆದರೆ ಮಗು ಹೆದರಿ ಕಾಲು ಬಿಗಿ ಮಾಡಿದರೆ ಅಚ್ಚೂ ಸೊಟ್ಟಗೆ ಬರುತ್ತದೆ, ಆ ಅಚ್ಚಿನಿಂದ ಮಾಡಿದ ಕ್ಯಾಲಿಪರ್ ವರ್ಷವಿಡೀ ಕಾಟ ಕೊಡುತ್ತದೆ. ಹಿಂದಿನ ದಿನ ಮನೆಯಲ್ಲಿ ಒದ್ದೆ ಬಟ್ಟೆ ಸುತ್ತಿ ಆಟದ ಹಾಗೆ ತೋರಿಸಿ. ನಾನು ಮೊದಲು ಅವನ ಗೊಂಬೆಗೆ ಸುತ್ತಿದೆ, ಆಮೇಲೆ ಅವನೇ ಕಾಲು ಚಾಚಿದ. ಹೊಟ್ಟೆ ತುಂಬ ತಿನ್ನಿಸಿಕೊಂಡು ಬೆಳಿಗ್ಗೆಯೇ ಹೋಗಿ. ತುಂಬಾ ಅತ್ತರೆ, "ಇವತ್ತು ಬೇಡ, ಇನ್ನೊಂದು ದಿನ ಬರ್ತೀವಿ" ಅನ್ನಿ.

ಹೋಗುವಾಗ ಹಳೆಯ ಕ್ಯಾಲಿಪರ್, ಶೂ, ದಿನಾ ಹಾಕುವ ಸಾಕ್ಸ್ ಮೂರನ್ನೂ ಚೀಲಕ್ಕೆ ಹಾಕಿಕೊಳ್ಳಿ. ಹಳೆಯದು ಎಲ್ಲಿ ಸವೆದಿದೆ, ಎಲ್ಲಿ ಬಿರುಕು ಬಿಟ್ಟಿದೆ ಅಂತ ನೋಡಿಯೇ ಅನುಭವಸ್ಥರು ಮಗು ಭಾರ ಎಲ್ಲಿ ಹಾಕುತ್ತದೆ ಅಂತ ಹೇಳಿಬಿಡುತ್ತಾರೆ.

ಕೈಗೆ ಬಂದ ದಿನ ಅವಸರ ಮಾಡಬೇಡಿ. ಅಲ್ಲೇ ಹಾಕಿಸಿ, ಶೂ ತೊಡಿಸಿ, ಕಾರಿಡಾರಿನಲ್ಲಿ ಇಪ್ಪತ್ತು ನಿಮಿಷ ನಡೆಸಿ. ಬಿಚ್ಚಿ ಕಾಲು ನೋಡಿ. ಎಲ್ಲಾದರೂ ಗಾಢ ಕೆಂಪು ಇದ್ದರೆ ಆಗಲೇ ತೋರಿಸಿ. ಅಲ್ಲಿ ಹೀಟ್ ಗನ್ನಿನಿಂದ ಬಿಸಿ ಮಾಡಿ ಸರಿಪಡಿಸಲು ಹತ್ತು ನಿಮಿಷ ಸಾಕು. ಮನೆಗೆ ಬಂದ ಮೇಲೆ ಅದೇ ಒಂದು ದಿನದ ಕೆಲಸ.

ಮೊದಲ ಎರಡು ವಾರ

ಹೊಸ ಚಪ್ಪಲಿ ಕಚ್ಚುವ ಹಾಗೆ ಹೊಸ ಕ್ಯಾಲಿಪರ್ ಕೂಡ ಕಚ್ಚುತ್ತದೆ. ಮೊದಲ ದಿನ ಒಂದು ಗಂಟೆ ಸಾಕು. ಚರ್ಮ ಚೆನ್ನಾಗಿದ್ದರೆ ಮಾರನೇ ದಿನ ಎರಡು. ಹೀಗೆ ದಿನಕ್ಕೊಂದು ಗಂಟೆ ಏರಿಸುತ್ತಾ ಒಂದೆರಡು ವಾರದಲ್ಲಿ ಶಾಲೆಯ ಹೊತ್ತಿಗೆ ತಲುಪಿ. ಡಾಕ್ಟರು ಬೇರೆ ಲೆಕ್ಕ ಹೇಳಿದ್ದರೆ ಅವರದೇ ಲೆಕ್ಕ.

ಹಾಕುವ ಕ್ರಮ ಹೀಗೆ. ಮಗು ಕುರ್ಚಿಯ ಮೇಲೆ ಕೂರಲಿ, ಮಂಡಿ ಮಡಿಸಿರಲಿ. ಮಂಡಿ ಮಡಿಸಿದರೆ ಬಿಗಿಯಾದ ಕಾಲೂ ಸ್ವಲ್ಪ ಸಡಿಲವಾಗುತ್ತದೆ. ಹತ್ತಿಯ ಸಾಕ್ಸ್, ಕ್ಯಾಲಿಪರ್‌ಗಿಂತ ಉದ್ದ ಇರಬೇಕು. ಬೆರಳ ಹತ್ತಿರ ದಪ್ಪ ಹೊಲಿಗೆ ಇದ್ದರೆ ಒಳಮೈ ಹೊರಗೆ ಮಾಡಿ ಹಾಕಿ. ಒಂದು ಸುಕ್ಕೂ ಉಳಿಯದ ಹಾಗೆ ಎಳೆಯಿರಿ. ಆಮೇಲೆ ಹಿಮ್ಮಡಿಯನ್ನು ಹಿಂದಕ್ಕೆ, ಕೆಳಕ್ಕೆ ಒತ್ತಿ ತಳಕ್ಕೆ ಕೂರಿಸಿ, ಮೊದಲು ಕಣಕಾಲಿನ ಪಟ್ಟಿ ಬಿಗಿಯಿರಿ, ಮೇಲಿನದು ಆಮೇಲೆ. ಹಿಮ್ಮಡಿ ಕೂರದೆ ಎದ್ದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನ ಇಲ್ಲ. ಮೊದಲ ದಿನ ಪಟ್ಟಿ ಎಲ್ಲಿಗೆ ಬಂದು ನಿಂತಿತೋ ಅಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಅಜ್ಜಿ ಹಾಕಲಿ, ಟೀಚರ್ ಹಾಕಲಿ, ಗೆರೆಗೆ ಬಂದಿದೆಯಾ ಅಂತ ನೋಡಿದರೆ ಸಾಕು.

ಸಂಜೆ ಬಿಚ್ಚಿದ ಮೇಲೆ ಕಾಲನ್ನು ಬೆಳಕಿಗೆ ಹಿಡಿದು ನೋಡಿ. ಹಿಮ್ಮಡಿ, ಕಣಕಾಲಿನ ಎರಡೂ ಕಡೆಯ ಮೂಳೆ, ಪಾದದ ಒಳ ಅಂಚು, ಮಂಡಿ ಕೆಳಗೆ ಪ್ಲಾಸ್ಟಿಕ್ ಮುಗಿಯುವ ಜಾಗ. ತಿಳಿ ಕೆಂಪು ಇದ್ದೇ ಇರುತ್ತದೆ, ಹೆದರಬೇಡಿ. ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಮಾಸಿದ್ದರೆ ಸರಿ. ಮಾಸದೆ ಹಾಗೇ ಇದ್ದರೆ ಅಲ್ಲಿ ಒತ್ತುತ್ತಿದೆ ಅಂತ ಅರ್ಥ, ಫೋಟೋ ತೆಗೆದು ಪಿ ಅಂಡ್ ಒಗೆ ಕಳಿಸಿ, ಸರಿ ಮಾಡಿಸಿ. ಗುಳ್ಳೆ ಬಂದರೆ, ಚರ್ಮ ಕಿತ್ತರೆ ಅದು ವಾಸಿಯಾಗುವವರೆಗೆ ಹಾಕಲೇಬೇಡಿ. ಬೆನ್ನುಹುರಿಯ ತೊಂದರೆಯಿಂದ ಕಾಲಿನಲ್ಲಿ ಸ್ಪರ್ಶ ಇಲ್ಲದ ಮಕ್ಕಳಿಗೆ ನೋವೇ ಗೊತ್ತಾಗುವುದಿಲ್ಲ. ಅಂಥ ಮಕ್ಕಳ ಕಾಲನ್ನು ಎರಡು ಮೂರು ಗಂಟೆಗೊಮ್ಮೆ ಬಿಚ್ಚಿ ನೋಡಬೇಕು.

ಒಳಗೆ ಕೊಬ್ಬರಿ ಎಣ್ಣೆ, ಕ್ರೀಮು ಹಚ್ಚಬೇಡಿ. ಮೆತ್ತಗಾದ ಚರ್ಮ ಬೇಗ ಕೀಳುತ್ತದೆ. ಎಣ್ಣೆ ನೀವುವುದಿದ್ದರೆ ರಾತ್ರಿ, ಕ್ಯಾಲಿಪರ್ ಇಲ್ಲದ ಹೊತ್ತಲ್ಲಿ.

ಜಡಿಮಳೆಯ ಮೂರು ತಿಂಗಳು

ಆಸ್ಪತ್ರೆಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮಲೆನಾಡಿನ ಕಡೆಯವರಿಗೆ ಇದೇ ದೊಡ್ಡ ಕಷ್ಟ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಬಟ್ಟೆ ಒಣಗುವುದಿಲ್ಲ, ಅಲ್ವಾ? ಒದ್ದೆ ಸಾಕ್ಸ್ ಒಳಗೆ ಕಾಲು ಎರಡೇ ದಿನದಲ್ಲಿ ಬೆಳ್ಳಗೆ ಮೆತ್ತಗಾಗಿ, ಬೆರಳ ಸಂದಿ ಸೀಳುತ್ತದೆ.

ಒಂದು ಮಳೆಗಾಲದಲ್ಲಿ ನಾನೇ ಒಂದು ತಪ್ಪು ಮಾಡಿದೆ. ಮೂರನೆಯ ಕ್ಯಾಲಿಪರ್ ಪೂರ್ತಿ ನೆನೆದಿತ್ತು. ಬಚ್ಚಲ ಒಲೆ ಉರಿಯುತ್ತಿತ್ತು, ಹಂಡೆ ಪಕ್ಕದಲ್ಲಿ ಒರಗಿಸಿಟ್ಟೆ. ಬೆಳಿಗ್ಗೆ ನೋಡಿದರೆ ಒಳಗಿನ ಫೋಮ್ ಸುಕ್ಕುಗಟ್ಟಿ ಗಂಟಾಗಿತ್ತು, ಒಲೆ ಕಡೆಯ ಅಂಚು ಸ್ವಲ್ಪ ಒಳಕ್ಕೆ ಬಾಗಿತ್ತು. ಬರಿಗಣ್ಣಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ. ಶಾಲೆಯಿಂದ ಬರುವಷ್ಟರಲ್ಲಿ ಮಗನ ಕಣಕಾಲ ಮೇಲೆ ಎಂಟಾಣೆ ಅಗಲದ ಗುಳ್ಳೆ. ಈ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿಯೇ ಆಕಾರ ಕೊಟ್ಟಿರುತ್ತಾರೆ, ಮತ್ತೆ ಬಿಸಿ ತಾಗಿದರೆ ಆಕಾರ ಬಿಡುತ್ತದೆ. ಒಲೆ, ಹೀಟರ್, ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಎಲ್ಲೂ ಇಡಬೇಡಿ. ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ, ಒಣ ಟವೆಲ್ಲಿನಲ್ಲಿ ಒತ್ತಿ, ರಾತ್ರಿಯಿಡೀ ಫ್ಯಾನಿನ ಕೆಳಗೆ ಇಡಿ. ಒಲೆ ಹತ್ತಿರ ಸಾಕ್ಸ್ ಒಣಗಿಸಿ. ಆರು ಜೊತೆ ಸಾಕ್ಸ್ ಇದ್ದರೆ ಮಳೆಗಾಲ ದಾಟಬಹುದು. ಎರಡು ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸ್ಕೂಲ್ ಬ್ಯಾಗಿನಲ್ಲೇ ಇರಲಿ.

ತೋಟದ ದಾರಿಯಲ್ಲಿ ಬರುವ ಮಕ್ಕಳಿಗೆ ಇಂಬಳದ ಕಾಟವೂ ಇದೆ. ಸಾಕ್ಸ್‌ಗೂ ಪ್ಲಾಸ್ಟಿಕ್ಕಿಗೂ ನಡುವೆ ನುಗ್ಗಿ ಕೂತರೆ ಮಗುವಿಗೆ ಗೊತ್ತೇ ಆಗುವುದಿಲ್ಲ. ಬಿಚ್ಚಿದಾಗ ಸಾಕ್ಸ್ ಕೆಂಪಾಗಿರುತ್ತದೆ. ಮನೆಗೆ ಬಂದ ಕೂಡಲೇ ಬಿಚ್ಚುವ ರೂಢಿ ಮಾಡಿ. ಕಚ್ಚಿದ ಜಾಗ ಒಣಗುವವರೆಗೆ ಅದರ ಮೇಲೆ ಪಟ್ಟಿ ಬಿಗಿಯಬೇಡಿ.

ಕಡೂರು, ಅರಸೀಕೆರೆ ಕಡೆಯವರಿಗೆ ಇದೇ ತೊಂದರೆ ಬೇಸಿಗೆಯಲ್ಲಿ ಬೆವರಿನಿಂದ ಬರುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಸಾಕ್ಸ್ ಬದಲಾಯಿಸಿದರೆ ಅರ್ಧ ತೊಂದರೆ ಕಳೆಯಿತು.

ವೆಲ್ಕ್ರೋಗೆ ಹುಲ್ಲು, ಕೂದಲು, ಉತ್ತರಾಣಿ ಕಾಯಿ ಮೆತ್ತಿಕೊಂಡು ಹಿಡಿತ ಹೋಗುತ್ತದೆ. ಹಳೆಯ ಟೂತ್ ಬ್ರಶ್ಶಿನಿಂದ ವಾರಕ್ಕೊಮ್ಮೆ ಕೆದಕಿ ತೆಗೆಯಿರಿ. ಪಟ್ಟಿ ಕಿತ್ತರೆ ಚಪ್ಪಲಿ ಹೊಲಿಯುವವರೂ ಹೊಲಿದು ಕೊಡುತ್ತಾರೆ. ಪ್ಲಾಸ್ಟಿಕ್ ಅಂಚನ್ನು ಮಾತ್ರ ಅವರ ಕೈಯಲ್ಲಿ ಕತ್ತರಿಸಬೇಡಿ, ನೀವೂ ಕತ್ತರಿಸಬೇಡಿ.

ಚಿಕ್ಕದಾಯಿತು ಅಂತ ತಿಳಿಯುವುದು ಹೇಗೆ

ಮಗು ಹೇಳುತ್ತದೆ ಅಂತ ಕಾಯಬೇಡಿ. ದಿನಕ್ಕೆ ಕೂದಲೆಳೆಯಷ್ಟು ಚಿಕ್ಕದಾಗುವುದು ಅದಕ್ಕೂ ಗೊತ್ತಾಗುವುದಿಲ್ಲ. ನಾನು ಮಾಡುವುದು ಇಷ್ಟು. ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದಾಗ ಬಿಸಾಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಅದರ ಹಿಂಬದಿಯ ಮೇಲೆ ಮಗನನ್ನು ನಿಲ್ಲಿಸಿ ಎರಡೂ ಪಾದದ ಸುತ್ತ ಪೆನ್ಸಿಲ್ ಗೆರೆ ಎಳೆಯುತ್ತೇನೆ. ದರ್ಜಿ ಟೇಪಿನಿಂದ ಮೀನಖಂಡದ ಸುತ್ತಳತೆ, ನೆಲದಿಂದ ಮಂಡಿವರೆಗಿನ ಎತ್ತರ ತೆಗೆದು ಅಲ್ಲೇ ಬರೆಯುತ್ತೇನೆ. ತಾರೀಕು ಹಾಳೆಯಲ್ಲೇ ಇರುತ್ತದೆ. ಡಾಕ್ಟರ ಮುಂದೆ ಆ ಹಾಳೆಗಳನ್ನು ಹರಡಿದರೆ ಬಾಯಿಮಾತಿನ ವಿವರಣೆಯೇ ಬೇಡ.

ಆಮೇಲೆ ಕ್ಯಾಲಿಪರ್ ಹಾಕಿಸಿ ನೋಡಿ. ಬೆರಳುಗಳು ಪಾದದ ತಟ್ಟೆಯ ತುದಿ ದಾಟಿ ಇಳಿಬಿದ್ದಿವೆಯಾ? ಕಣಕಾಲಿನ ಮೂಳೆಗೆ ಅಂತ ಮಾಡಿದ ಗುಳಿ ಮೂಳೆಗಿಂತ ಕೆಳಗೆ ಉಳಿದಿದೆಯಾ? ಪಟ್ಟಿ ನೀವು ಎಳೆದ ಗೆರೆ ಮುಟ್ಟುತ್ತಿಲ್ಲವಾ? ಮೇಲಿನ ಅಂಚು ಮೀನಖಂಡದ ದಪ್ಪ ಜಾಗವನ್ನೇ ಕೊರೆಯುತ್ತಿದೆಯಾ? ಇದರಲ್ಲಿ ಒಂದು ಕಂಡರೂ ಹೊಸದಕ್ಕೆ ಓಡಾಟ ಶುರು ಮಾಡಿ. ಇದ್ದಕ್ಕಿದ್ದ ಹಾಗೆ ಮಗು ಹಾಕಿಸಿಕೊಳ್ಳಲು ಹಟ ಮಾಡಿದರೆ ಬೈಯುವ ಮೊದಲು ಕಾಲು ನೋಡಿ.

ಎಎಫ್‌ಒ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಬರುತ್ತದೆ. ಹತ್ತು ಹನ್ನೆರಡರ ನಂತರ ಮಕ್ಕಳು ಜಿಗಿದು ಬೆಳೆಯುವ ಕಾಲದಲ್ಲಿ ಅಷ್ಟೂ ಬಾರದಿರಬಹುದು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಆಗ ಇನ್ನೊಂದು ತೊಂದರೆ ಇದೆ. ಮೂಳೆ ಬೇಗ ಉದ್ದವಾಗುತ್ತದೆ, ಬಿಗಿಯಾದ ಸ್ನಾಯು ಅಷ್ಟು ಬೇಗ ಹಿಗ್ಗುವುದಿಲ್ಲ. ನಿನ್ನೆ ಮೊನ್ನೆವರೆಗೆ ಕೂರುತ್ತಿದ್ದ ಹಿಮ್ಮಡಿ ಕೂರುವುದಿಲ್ಲ. ಬಲವಂತವಾಗಿ ಪಟ್ಟಿ ಬಿಗಿಯದೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಸೊಟ್ಟ ಪಾದದ ಮಗುವಾದರೆ

ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಸುರಿಯಾಗಿದ್ದಾಗ ತಾಯಿ ಮಾಡಿದ ತಪ್ಪೂ ಅಲ್ಲ. ಇದನ್ನು ಮನೆಯ ಹಿರಿಯರ ಮುಂದೆ ಗಟ್ಟಿಯಾಗಿ ಹೇಳಿ.

ಇದಕ್ಕೆ ಪೊನ್ಸೆಟಿ ಪದ್ಧತಿಯ ಚಿಕಿತ್ಸೆ ಇದೆ. ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದ ಡಾ. ಇಗ್ನಾಸಿಯೋ ಪೊನ್ಸೆಟಿ ರೂಪಿಸಿದ್ದು. ಹುಟ್ಟಿದ ಮೊದಲ ವಾರಗಳಲ್ಲೇ ಶುರು ಮಾಡಿದರೆ ಒಳ್ಳೆಯದು. ವಾರಕ್ಕೊಂದು ಪ್ಲಾಸ್ಟರ್, ಸಾಮಾನ್ಯವಾಗಿ ಐದರಿಂದ ಏಳು. ಹೆಚ್ಚಿನ ಮಕ್ಕಳಿಗೆ ಕೊನೆಯಲ್ಲಿ ಹಿಮ್ಮಡಿಯ ನರದಂಥ ಗಟ್ಟಿ ಹುರಿಯನ್ನು ಸಣ್ಣದಾಗಿ ಕೊಯ್ದು ಮೂರು ವಾರದ ಪ್ಲಾಸ್ಟರ್ ಹಾಕುತ್ತಾರೆ. ಪ್ಲಾಸ್ಟರ್ ಇರುವಾಗ ಬೆರಳು ನೋಡುತ್ತಿರಿ. ನೀಲಿಯಾದರೆ, ತಣ್ಣಗಾದರೆ, ಊದಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಬೆರಳು ಒಳಗೆ ಮಾಯವಾದರೆ ಪ್ಲಾಸ್ಟರ್ ಜಾರಿದೆ ಅಂತ ಅರ್ಥ.

ಪಾದ ನೇರವಾಯಿತು, ಎಲ್ಲರಿಗೂ ಖುಷಿ. ಚಿಕಿತ್ಸೆ ಕೆಡುವುದು ಇಲ್ಲಿಂದ ಮುಂದೆ. ಎರಡು ಶೂಗಳನ್ನು ಒಂದು ಕಂಬಿಯಿಂದ ಜೋಡಿಸಿದ ಬ್ರೇಸ್ ಕೊಡುತ್ತಾರೆ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷ ತುಂಬುವವರೆಗೆ ರಾತ್ರಿ ಮತ್ತು ಹಗಲು ನಿದ್ದೆಯಲ್ಲಿ. "ಪಾಪ, ರಾತ್ರಿನಾದ್ರೂ ಬಿಚ್ಚೇ, ಮಗು ಮಲ್ಕೊಳ್ಲಿ" ಅಂತ ಅಜ್ಜಿ ಅಂದೇ ಅನ್ನುತ್ತಾರೆ. ಅವರದು ಪ್ರೀತಿ. ಆದರೆ ಬ್ರೇಸ್ ಬಿಟ್ಟ ಪಾದ ಮತ್ತೆ ತಿರುಗುತ್ತದೆ, ಮತ್ತೆ ಪ್ಲಾಸ್ಟರಿನಿಂದ ಶುರು ಮಾಡಬೇಕಾಗುತ್ತದೆ. ಅಜ್ಜಿಯನ್ನೂ ಒಂದು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಿಸಿ. ಇಲ್ಲೂ ಬೆಳವಣಿಗೆಯ ಲೆಕ್ಕ ಇದೆ. ಬೆರಳು ಶೂ ಅಂಚು ದಾಟಿ ಮಡಚಿದರೆ ಶೂ ದೊಡ್ಡದು ಬೇಕು. ಕಂಬಿಯ ಅಗಲ ಮಗುವಿನ ಭುಜದ ಅಗಲಕ್ಕೆ ಸಮ ಇರಬೇಕು, ಭುಜ ಅಗಲವಾದಂತೆ ಕಂಬಿಯನ್ನೂ ಹಿಗ್ಗಿಸಬೇಕು.

ಕೃತಕ ಕಾಲು ಹಾಕಿದ ಮಕ್ಕಳು

ಹುಟ್ಟಿನಿಂದ ಕಾಲಿಲ್ಲದ ಮಗುವಿಗೆ ಅದು ಹಿಡಿದುಕೊಂಡು ಎದ್ದು ನಿಲ್ಲುವ ಹೊತ್ತಿಗೆ, ಅಂದರೆ ಒಂಬತ್ತರಿಂದ ಹನ್ನೆರಡು ತಿಂಗಳಿಗೆ ಮೊದಲ ಕಾಲು ಕೊಡಬಹುದು. ದೊಡ್ಡವನಾಗಲಿ ಅಂತ ಕಾಯುವುದು ಬೇಡ. ಐದು ವರ್ಷದವರೆಗೆ ವರ್ಷಕ್ಕೊಂದು, ಐದರಿಂದ ಹನ್ನೆರಡರವರೆಗೆ ಎರಡು ವರ್ಷಕ್ಕೊಂದು, ಆಮೇಲೆ ಮೂರು ನಾಲ್ಕು ವರ್ಷಕ್ಕೊಂದು ಹೊಸ ಕಾಲು ಬೇಕಾಗುತ್ತದೆ ಅನ್ನುವುದು ರೂಢಿಯ ಲೆಕ್ಕ. ನಡುವೆ ಪೂರ್ತಿ ಬದಲಿಸದೆ ದೂಡಲು ಉಪಾಯಗಳಿವೆ. ಸಾಕೆಟ್, ಅಂದರೆ ಉಳಿದ ಕಾಲು ಕೂರುವ ಬಟ್ಟಲನ್ನು ಸ್ವಲ್ಪ ಸಡಿಲವಾಗಿ ಮಾಡಿ, ಮೊದಲು ದಪ್ಪ ಸಾಕ್ಸ್ ಹಾಕಿ, ಕಾಲು ದಪ್ಪವಾದಂತೆ ತೆಳ್ಳನೆಯದಕ್ಕೆ ಇಳಿಯುವುದು ಒಂದು. ನಡುವಿನ ಕೊಳವೆಯನ್ನು ಬದಲಿಸಿ ಉದ್ದ ಮಾಡುವುದು ಇನ್ನೊಂದು. ಮಾಡಿಸುವಾಗಲೇ ಇವೆರಡನ್ನೂ ಕೇಳಿ.

ಎತ್ತರ ಮನೆಯಲ್ಲೇ ನೋಡಬಹುದು. ಮಗುವನ್ನು ನೇರ ನಿಲ್ಲಿಸಿ, ಹಿಂದೆ ಕೂತು ಸೊಂಟದ ಎರಡು ಮೂಳೆಗಳ ಮೇಲೆ ನಿಮ್ಮ ಎರಡು ಕೈ ಅಡ್ಡ ಇಡಿ. ಕೃತಕ ಕಾಲಿನ ಕಡೆಯ ಕೈ ಕೆಳಗಿದ್ದರೆ ಒಳ್ಳೆಯ ಕಾಲು ಬೆಳೆದಿದೆ, ಇದು ಗಿಡ್ಡವಾಗಿದೆ.

ಮಕ್ಕಳಿಗೆ ಮಾತ್ರ ಬರುವ ಒಂದು ತೊಂದರೆಯನ್ನು ತಂದೆತಾಯಿ ತಿಳಿದಿರಲೇಬೇಕು. ಮೂಳೆಯ ನಡುವೆ ಕತ್ತರಿಸಿದ ಕಾಲಿನಲ್ಲಿ ಆ ಮೂಳೆ ತುದಿಗೆ ಬೆಳೆಯುತ್ತಾ ಚೂಪಾಗಿ ಚರ್ಮವನ್ನು ಒಳಗಿನಿಂದ ಚುಚ್ಚುತ್ತದೆ. ನಮ್ಮ ಪರಿಚಯದ ಒಬ್ಬ ಹುಡುಗಿ ತುದಿ ನೋಯುತ್ತದೆ ಅಂತ ತಿಂಗಳುಗಟ್ಟಲೆ ಅತ್ತಳು. ಶಾಲೆ ತಪ್ಪಿಸಲು ನೆಪ ಅಂತ ಮನೆಯಲ್ಲಿ ಅಂದುಕೊಂಡರು. ಎಕ್ಸ್‌ರೇಯಲ್ಲಿ ಮೂಳೆ ಪೆನ್ಸಿಲ್ ತುದಿಯ ಹಾಗೆ ಕಂಡಿತು. ತುದಿಯಲ್ಲಿ ನೋವು, ಚರ್ಮ ತೆಳುವಾಗಿ ಹೊಳೆಯುವುದು ಕಂಡರೆ ತಡ ಮಾಡದೆ ಮೂಳೆ ಡಾಕ್ಟರಿಗೆ ತೋರಿಸಿ. ಇದಕ್ಕೆ ಶಸ್ತ್ರಚಿಕಿತ್ಸೆ ಇದೆ.

ಶಾಲೆ

ಸರ್ಕಾರಿ ಶಾಲೆಯಲ್ಲಿ ಕೊಡುವ ಕಪ್ಪು ಶೂ ಕ್ಯಾಲಿಪರ್ ಮೇಲೆ ಹತ್ತುವುದಿಲ್ಲ. ಹೆಡ್‌ಮಾಸ್ಟರಿಗೆ ಮೊದಲೇ ಹೇಳಿ ಒಂದೆರಡು ಸೈಜ್ ದೊಡ್ಡದು ಕೇಳಿ. ಬಾಯಿ ಅಗಲ ತೆರೆಯುವ, ಒಳಗಿನ ಮೆತ್ತೆ ತೆಗೆಯಬಹುದಾದ ಶೂ ಆದರೆ ಸಲೀಸು. ಇನ್ನೊಂದು ಕಾಲಿನ ಶೂ ದೊಡ್ಡದಾದರೆ ಆ ಮೆತ್ತೆಯನ್ನೇ ಅದಕ್ಕೆ ಹಾಕಿ. ಪ್ರತಿ ತಾಲ್ಲೂಕಿನಲ್ಲೂ ವಿಶೇಷ ಅಗತ್ಯದ ಮಕ್ಕಳಿಗೆ ಅಂತ ಬಿಐಇಆರ್‌ಟಿ ಶಿಕ್ಷಕರ ಹುದ್ದೆ ಇದೆ. ಬಿಇಒ ಕಚೇರಿಯಲ್ಲಿ ವಿಚಾರಿಸಿ ಅವರ ನಂಬರ್ ಇಟ್ಟುಕೊಳ್ಳಿ. ಸರ್ಕಾರದ ಸಲಕರಣೆಗೆ ಅಳತೆ ತೆಗೆಯುವ ಶಿಬಿರದ ಸುದ್ದಿ ಮೊದಲು ಬರುವುದು ಅವರಿಗೆ.

ದುಡ್ಡು ಮತ್ತು ಕಾಗದ

ಮೊದಲು ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ. ಮಕ್ಕಳ ಪ್ರಮಾಣಪತ್ರಕ್ಕೆ ಎಷ್ಟೋ ಸಲ ಅವಧಿ ಇರುತ್ತದೆ, ಮುಗಿಯುವ ತಾರೀಕು ನೋಡಿಕೊಳ್ಳಿ. ಪಂಚಾಯಿತಿಯಲ್ಲಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನ ವಿಆರ್‌ಡಬ್ಲ್ಯೂ ಅನ್ನುವವರು, ಅರ್ಜಿ ತುಂಬಿಕೊಡುತ್ತಾರೆ.

ಕೇಂದ್ರದ ಅಡಿಪ್ ಯೋಜನೆಯಲ್ಲಿ ಶೇ. 40 ಅಥವಾ ಹೆಚ್ಚು ಅಂಗವಿಕಲತೆ ಇದ್ದರೆ ಸಲಕರಣೆ ಸಿಗುತ್ತದೆ. ತಿಂಗಳ ಆದಾಯ 22,500 ರೂಪಾಯಿವರೆಗೆ ಪೂರ್ತಿ ಉಚಿತ, 30,000ದವರೆಗೆ ಅರ್ಧ. ಒಮ್ಮೆ ಪಡೆದರೆ ಮೂರು ವರ್ಷ ಮತ್ತೆ ಇಲ್ಲ ಅಂತ ತುಂಬಾ ಜನರನ್ನು ವಾಪಸ್ ಕಳಿಸುತ್ತಾರೆ. ಅದು ದೊಡ್ಡವರಿಗೆ. 12 ವರ್ಷದೊಳಗಿನ ಮಕ್ಕಳಿಗೆ ಒಂದೇ ವರ್ಷ ಅಂತ ಯೋಜನೆಯಲ್ಲೇ ಇದೆ. ಈ ಒಂದು ಸಾಲು ನೆನಪಿಟ್ಟುಕೊಂಡು ಕೇಳಿ.

ಶಿಬಿರದಲ್ಲಿ ಅಳತೆ ಕೊಟ್ಟರೆ ಸಾಮಾನು ಕೈಗೆ ಬರುವ ದಿನವನ್ನೂ ಕೇಳಿ. ಒಂದು ಶಿಬಿರದಲ್ಲಿ ಕೊಟ್ಟ ಅಳತೆಯ ಕ್ಯಾಲಿಪರ್ ನಮಗೆ ಸಿಕ್ಕಿದ್ದು ಏಳು ತಿಂಗಳ ಮೇಲೆ. ಅಷ್ಟರಲ್ಲಿ ಮಗನ ಪಾದ ಬೆಳೆದಿತ್ತು. ಹಂಚುವ ದಿನ ಸುಮ್ನೆ ಸಹಿ ಹಾಕಿ ತಂದುಬಿಟ್ಟೆ. ಹಾಗೆ ಮಾಡಬೇಡಿ. ಅಲ್ಲೇ ಹಾಕಿಸಿ ನೋಡಿ, ಹಿಡಿಸದಿದ್ದರೆ ಹಿಡಿಸಿಲ್ಲ ಅಂತ ಬರೆಸಿ, ಮತ್ತೆ ಅಳತೆ ಕೇಳಿ.

ಚಿಕ್ಕದಾದ ಕ್ಯಾಲಿಪರನ್ನು ಇನ್ನೊಂದು ಮಗುವಿಗೆ ಕೊಡುತ್ತೀರಾ ಅಂತ ನಮ್ಮ ಮನೆಗೂ ಇಬ್ಬರು ಬಂದಿದ್ದರು. ಕೊಡಲಿಲ್ಲ. ನನ್ನ ಮಗನ ಕಾಲಿನ ಅಚ್ಚು ಇನ್ನೊಬ್ಬರ ಕಾಲನ್ನು ಗಾಯ ಮಾಡುತ್ತದೆ. ಅವರಿಗೆ ಚಹಾ ಕೊಟ್ಟು, ಅಳತೆ ಹಾಳೆ ಮಾಡುವುದು ತೋರಿಸಿ, ಆಸ್ಪತ್ರೆಯ ಮೂಳೆ ವಿಭಾಗದ ದಿನ, ಸಮಯ ಬರೆದುಕೊಟ್ಟು ಕಳಿಸಿದೆ.